ಹಬ್ಬದ ಸಾಲು ಮುಗಿದ ಮೇಲೆ: ನಿತ್ಯದ ಊಟ, ನಿತ್ಯದ ನಿದ್ದೆ

(ದೀಪಾವಳಿಯ ನಂತರ ದಾವಣಗೆರೆಯಲ್ಲಿ ಹಿರಿಯ ನಾಗರಿಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಗೆಳೆಯರಿಗೆ ನಮಸ್ಕಾರ.

ಈ ವರ್ಷದ, ಅಂದರೆ 2025ರ ಪಂಚಾಂಗವನ್ನು ನೋಡಿದರೆ ನಾಗರಪಂಚಮಿ ಜುಲೈ 29ಕ್ಕೆ ಬಂದಿತ್ತು. ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ ಮುಗಿಯಿತು. ಇವೆರಡರ ನಡುವೆ ಇರುವುದು 85 ದಿನ. ಪಂಚಮಿಯ ಎಳ್ಳುಂಡೆ, ಶೇಂಗಾ ಉಂಡೆ, ತಂಬಿಟ್ಟಿನಿಂದ ಆರಂಭವಾದ ಸಾಲು ವರಮಹಾಲಕ್ಷ್ಮಿಯ ಹೋಳಿಗೆ, ಕೃಷ್ಣಾಷ್ಟಮಿಯ ಚಕ್ಕುಲಿ ಮತ್ತು ಕೋಡುಬಳೆ, ಗಣೇಶನ ಕಡುಬು, ಪಿತೃಪಕ್ಷದ ವಡೆ ಮತ್ತು ಪಾಯಸ, ಮಹಾನವಮಿಯ ಊಟಗಳು, ಸೀಗೆಹುಣ್ಣಿಮೆಯ ಹೊಲದ ಬುತ್ತಿ ಇವನ್ನೆಲ್ಲ ದಾಟಿ ದೀಪಾವಳಿಯ ಕರ್ಜಿಕಾಯಿಯವರೆಗೆ ಬಂದು ನಿಂತಿದೆ. ಈ ಸಾಲಿನಲ್ಲಿ ಒಂದು ಹಬ್ಬವನ್ನೂ ಕೈಬಿಡಿ ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಹಬ್ಬದ ದಿನ ಮನೆಯವರೆಲ್ಲ ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಣ್ಣುವುದು ಬಾಳಿನ ದೊಡ್ಡ ಸಂತೋಷಗಳಲ್ಲಿ ಒಂದು ಎಂದೇ ನಾನು ನಂಬಿದ್ದೇನೆ. ಆ ಒಂದು ಹೊತ್ತಿನ ಊಟದಿಂದ ಆರೋಗ್ಯವಂತರಾದವರಿಗೆ ಯಾವ ಕಾಯಿಲೆಯೂ ಬರುವುದಿಲ್ಲ. ನಾನು ಇವತ್ತು ಮಾತನಾಡಬೇಕೆಂದಿರುವುದು ಹಬ್ಬದ ದಿನದ ಬಗ್ಗೆ ಅಲ್ಲ, ಹಬ್ಬದ ಮಾರನೆಯ ದಿನದ ಬಗ್ಗೆ. ಎರಡು ಹಬ್ಬಗಳ ನಡುವಿನ ಸಾಮಾನ್ಯ ದಿನಗಳು ಸಾಮಾನ್ಯವಾಗಿ ಉಳಿಯದೆ, ಹಬ್ಬದ ಬಾಲವಾಗಿ ಬೆಳೆದುಬಿಡುತ್ತವೆಯಲ್ಲ, ತೊಂದರೆ ಇರುವುದು ಅಲ್ಲಿ.

ಇದಕ್ಕೆ ಒಂದು ಅಧ್ಯಯನದ ಆಧಾರವಿದೆ. ಅಮೆರಿಕದಲ್ಲಿ ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗಿನ ಅವಧಿ ಅವರ ಹಬ್ಬದ ಸಾಲು. ಆ ಅವಧಿಯಲ್ಲಿ ಜನರ ತೂಕ ಎಷ್ಟು ಏರುತ್ತದೆ ಎಂದು 195 ವಯಸ್ಕರನ್ನು ತೂಗಿ ನೋಡಿದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಅಲ್ಲಿನ ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಸರಾಸರಿ ತೂಕ ಏರಿದ್ದು 0.37 ಕಿಲೋ ಮಾತ್ರ. ಅರ್ಧ ಕಿಲೋ ಕೂಡ ಅಲ್ಲ. ಆದರೆ ಅವರು ತಮ್ಮ ತೂಕ ಅದಕ್ಕಿಂತ ಬಹಳ ಹೆಚ್ಚು ಏರಿದೆ ಎಂದು ತಿಳಿದಿದ್ದರು. ಇಷ್ಟೇ ಆಗಿದ್ದರೆ ಸಮಾಧಾನದ ಸುದ್ದಿಯೆಂದು ಬಿಡಬಹುದಾಗಿತ್ತು. ಫೆಬ್ರುವರಿ, ಮಾರ್ಚಿನಲ್ಲಿ ಅವರನ್ನೇ ಮತ್ತೆ ತೂಗಿದಾಗ ಏರಿದ ತೂಕ ಇಳಿದಿರಲಿಲ್ಲ. ಅಮೆರಿಕದವರ ಲೆಕ್ಕವನ್ನು ನಮ್ಮ ಮೇಲೆ ನೇರವಾಗಿ ಹೇರುವುದು ಸರಿಯಲ್ಲ, ನಮ್ಮ ಹಬ್ಬದ ಸಾಲು ಅವರದಕ್ಕಿಂತ ಉದ್ದವಾದದ್ದು, ಊಟದ ಬಗೆಯೂ ಬೇರೆ. ಆದರೂ ಅದರೊಳಗಿನ ವಿಷಯ ನಮಗೆ ಹೊಂದುತ್ತದೆ: ಏರುವುದು ಸ್ವಲ್ಪವೇ, ಆದರೆ ಏರಿದ್ದು ತಾನಾಗಿಯೇ ಇಳಿಯುವುದಿಲ್ಲ. ಮದುವೆಯಾದಾಗ ಸೊಂಟಕ್ಕೆ ಸಡಿಲವಾಗಿದ್ದ ಬೆಲ್ಟು ಐವತ್ತನೆಯ ವಯಸ್ಸಿಗೆ ಕೊನೆಯ ತೂತಿಗೆ ಬಂದು ನಿಲ್ಲುವುದು ಹೀಗೆ ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಸೇರಿಯೇ.

ನಮ್ಮ ದೇಶದವರಿಗೆ ಈ ಸ್ವಲ್ಪ ತೂಕವೇ ಭಾರವಾಗುವುದಕ್ಕೆ ಕಾರಣವಿದೆ. ಅದೇ ಎತ್ತರ, ಅದೇ ತೂಕದ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ಆ ಕೊಬ್ಬು ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತಮುತ್ತ ಕೂರುವ ಒಲವೂ ಹೆಚ್ಚು. ಅದಕ್ಕಾಗಿಯೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಎಲ್ಲ ರಾಜ್ಯಗಳಲ್ಲೂ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ ಇದೆ, ಅಂದರೆ ಸುಮಾರು 10.1 ಕೋಟಿ ಜನ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ರಕ್ತದೊತ್ತಡ ಇರುವವರು ನೂರಕ್ಕೆ 35.5. ನಾನು ಇವತ್ತು ಹೆಚ್ಚಾಗಿ ಮಾತನಾಡುವುದು ಆ ಹೊಸ್ತಿಲಲ್ಲಿ ನಿಂತವರನ್ನು ಮನಸ್ಸಿನಲ್ಲಿಟ್ಟುಕೊಂಡು, ಏಕೆಂದರೆ ಅವರಿಗೆ ಹಿಂದಕ್ಕೆ ಹೆಜ್ಜೆಯಿಡುವ ಅವಕಾಶ ಇನ್ನೂ ಇದೆ.

ಸಕ್ಕರೆ ಕಾಯಿಲೆ ಇರುವವರಿಗೆಲ್ಲ ‘ಮೂರು ತಿಂಗಳ ಸಕ್ಕರೆ’ ಪರೀಕ್ಷೆ ಗೊತ್ತು. ವರದಿಯಲ್ಲಿ ಅದನ್ನು ಎಚ್‌ಬಿಎ1ಸಿ ಎಂದು ಬರೆದಿರುತ್ತಾರೆ. ರಕ್ತದಲ್ಲಿರುವ ಸಕ್ಕರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ; ಆ ಕಣ ಸುಮಾರು 120 ದಿನ ಬದುಕುತ್ತದೆ; ಹಾಗಾಗಿ ಎಷ್ಟು ಅಂಟಿಕೊಂಡಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಆ ಲೆಕ್ಕದಲ್ಲಿ ಕೊನೆಯ ಒಂದು ತಿಂಗಳ ಪಾಲೇ ಸುಮಾರು ಅರ್ಧ. ಈಗ ಪಂಚಾಂಗವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಬಲಿಪಾಡ್ಯಮಿಯ ಮಾರನೆಯ ವಾರ ರಕ್ತ ಕೊಟ್ಟರೆ, ಪಂಚಮಿಯಿಂದ ಹಿಡಿದು ಇಡೀ ಹಬ್ಬದ ಸಾಲು ಆ ಒಂದು ಸಂಖ್ಯೆಯಲ್ಲಿ ಕುಳಿತಿರುತ್ತದೆ. ಅದರಲ್ಲೂ ದಸರೆ ಮತ್ತು ದೀಪಾವಳಿಯ ತಿಂಗಳು ಹೆಚ್ಚು ಭಾರವಾಗಿ ಕುಳಿತಿರುತ್ತದೆ. ಆ ಸಂಖ್ಯೆ ನೋಡಿ ಎದೆಗುಂದಬೇಕಾಗಿಲ್ಲ, ಅದನ್ನು ಮುಚ್ಚಿಡುವುದಂತೂ ಬೇಡವೇ ಬೇಡ. ಇವತ್ತು ಆರಂಭಿಸಿದರೆ ಸಂಕ್ರಾಂತಿಯ ಹೊತ್ತಿಗೆ ಸರಿಸುಮಾರು ಹನ್ನೆರಡು ವಾರಗಳಾಗುತ್ತವೆ. ಆಗ ಮಾಡಿಸುವ ಪರೀಕ್ಷೆಯಲ್ಲಿ ಈ ಸಾಮಾನ್ಯ ದಿನಗಳ ಲೆಕ್ಕವೇ ಕಾಣುತ್ತದೆ. ಎರಡು ವರದಿಗಳನ್ನೂ ವೈದ್ಯರ ಮುಂದೆ ಇಡಿ. ಅವೆರಡರ ನಡುವಿನ ಅಂತರದಿಂದ ಔಷಧಿಯನ್ನು ಹೆಚ್ಚಿಸಬೇಕೋ, ಊಟವನ್ನು ತಿದ್ದಿದರೆ ಸಾಕೋ ಎಂಬುದನ್ನು ಅವರು ಚೆನ್ನಾಗಿ ನಿರ್ಧರಿಸಬಲ್ಲರು.

ಹಬ್ಬದ ಕಾಲದಲ್ಲಿ ಕೆಡುವುದು ಏನು ಎಂದು ಕೇಳಿದರೆ ಎಲ್ಲರೂ ಸಿಹಿಯ ಕಡೆ ಬೆರಳು ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಿಹಿಗಿಂತ ಮೊದಲು ಕೆಡುವುದು ಹೊತ್ತು. ಪೂಜೆ ಮುಗಿದು ಎಲೆ ಹಾಕುವಾಗ ಮಧ್ಯಾಹ್ನ ಮೂರು ಗಂಟೆ, ನೆಂಟರು ಬಂದು ಹೋಗುವವರೆಗೆ ನಾಲ್ಕೈದು ಬಾರಿ ಕಾಫಿ, ಟೀ, ಗಣಪತಿ ಪೆಂಡಾಲಿನ ಕಾರ್ಯಕ್ರಮ ಮುಗಿಸಿ ಬಂದು ರಾತ್ರಿಯ ಊಟಕ್ಕೆ ಕೂರುವಾಗ ಹತ್ತೂವರೆ, ಹನ್ನೊಂದು, ಮಲಗುವಾಗ ಹನ್ನೆರಡೂವರೆ. ಬೆಳಿಗ್ಗೆ ಏಳುವುದು ತಡ, ಆದ್ದರಿಂದ ನಡಿಗೆ ಇಲ್ಲ. ತಿಂಡಿ ತಡ, ಆದ್ದರಿಂದ ತಿಂಡಿಗೆ ಮುಂಚಿನ ಮಾತ್ರೆಯೂ ತಡ. ಒಂದು ಎಳೆ ಸಡಿಲವಾದರೆ ಉಳಿದವೂ ಒಂದರ ಹಿಂದೊಂದು ಸಡಿಲವಾಗುತ್ತವೆ. ನಮ್ಮ ಮೈಯ ಜೀವಕೋಶಗಳಲ್ಲಿ ಹಗಲು ರಾತ್ರಿಗಳನ್ನು ಲೆಕ್ಕವಿಡುವ ವ್ಯವಸ್ಥೆಯೊಂದಿದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ಊಟವನ್ನು ಬೆಳಿಗ್ಗೆ ಉಂಡಾಗ ಏರುವುದಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ಹಾಗೆಯೇ ನಿಲ್ಲುತ್ತದೆ. ನಿದ್ದೆ ಕೆಟ್ಟಾಗ ಹಸಿವು ಕೂಡ ಕೆಡುತ್ತದೆ. ಷಿಕಾಗೋದಲ್ಲಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದಾಗ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನು ನೂರಕ್ಕೆ 18ರಷ್ಟು ಇಳಿದು, ಹಸಿವು ಹುಟ್ಟಿಸುವ ಹಾರ್ಮೋನು ನೂರಕ್ಕೆ 28ರಷ್ಟು ಏರಿತ್ತು. ಅವರು ಬಯಸಿದ್ದೂ ಹೆಚ್ಚಾಗಿ ಸಿಹಿಯನ್ನೇ, ಕುರುಕಲನ್ನೇ. ಹಬ್ಬ ಮುಗಿದ ವಾರ ಸಂಜೆ ನಾಲ್ಕಕ್ಕೆ ಕೈ ತಾನಾಗಿ ಡಬ್ಬಿಯ ಕಡೆ ಹೋಗುವುದನ್ನು ‘ಬಾಯಿಚಪಲ’ ಎಂದು ಬೈದುಕೊಳ್ಳುತ್ತೇವೆ. ಅದರಲ್ಲಿ ಹಿಂದಿನ ರಾತ್ರಿಯ ನಿದ್ದೆಗೇಡಿನ ಪಾಲು ದೊಡ್ಡದಿದೆ.

ಆದ್ದರಿಂದ ಮರಳುವ ದಾರಿಯನ್ನು ಎಲ್ಲಿಂದ ಹಿಡಿಯಬೇಕು ಎಂದು ನನ್ನನ್ನು ಕೇಳಿದರೆ, ರಾತ್ರಿಯ ಊಟದ ಹೊತ್ತಿನಿಂದ ಹಿಡಿಯಿರಿ ಎನ್ನುತ್ತೇನೆ. ಮೊದಲ ವಾರ ಏನು ತಿನ್ನುತ್ತೀರಿ ಎಂಬುದನ್ನು ಬಹಳ ಬದಲಿಸದಿದ್ದರೂ ಚಿಂತೆಯಿಲ್ಲ; ರಾತ್ರಿಯ ಊಟವನ್ನು ಎಂಟು ಗಂಟೆಯ ಹೊತ್ತಿಗೆ ತನ್ನಿ, ಮಲಗುವುದಕ್ಕೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಹತ್ತೂವರೆಗೆ ಉಣ್ಣುತ್ತಿದ್ದವರು ಒಂದೇ ದಿನ ಎಂಟಕ್ಕೆ ಬರಲಾಗದು. ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ಎಳೆದರೆ ಎರಡು ವಾರದೊಳಗೆ ಬರಬಹುದು. ಬೆಳಿಗ್ಗೆ ಎದ್ದು ಅಂಗಳದಲ್ಲೋ ಮಾಳಿಗೆಯ ಮೇಲೋ ಹತ್ತಿಪ್ಪತ್ತು ನಿಮಿಷ ಬೆಳಕಿಗೆ ನಿಲ್ಲಿ. ಒಳಗಿನ ಗಡಿಯಾರವನ್ನು ಸರಿಪಡಿಸಲು ಬೆಳಗಿನ ಬೆಳಕಿನಷ್ಟು ನೆರವಾಗುವುದು ಬೇರೊಂದಿಲ್ಲ. ಮನೆಯಲ್ಲಿ ಈ ಎರಡು ಹೊತ್ತುಗಳು ನೆಟ್ಟಗಾದರೆ ನಡಿಗೆ, ತಿಂಡಿ, ಮಾತ್ರೆ ಇವೆಲ್ಲ ತಮ್ಮ ತಮ್ಮ ಜಾಗಕ್ಕೆ ಬರುವುದನ್ನು ನನ್ನ ರೋಗಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಇದಕ್ಕೆ ವಿರುದ್ಧವಾದ ದಾರಿಯನ್ನೇ ಜನ ಹೆಚ್ಚಾಗಿ ಹಿಡಿಯುತ್ತಾರೆ ಎಂಬುದು ನನ್ನ ಕಳವಳ. ಹಬ್ಬ ಮುಗಿದ ಸೋಮವಾರದಿಂದ ಅನ್ನ ಬಂದ್, ಬರೀ ಹಾಗಲಕಾಯಿ ರಸ, ಬರೀ ಬಿಸಿನೀರು, ಮೂರು ದಿನ ಉಪವಾಸ. ಮೂರು ದಿನಕ್ಕೆ ತೂಕದ ಯಂತ್ರದಲ್ಲಿ ಎರಡು ಕಿಲೋ ಇಳಿದದ್ದನ್ನು ನೋಡಿ ಸಂತೋಷವೂ ಆಗುತ್ತದೆ. ಇಳಿದದ್ದು ಏನೆಂದು ತಿಳಿಯಬೇಕು. ನಮ್ಮ ಮೈ ಪಿಷ್ಟವನ್ನು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುವಾಗ ಅದರ ಮೂರು ಪಟ್ಟು ನೀರನ್ನೂ ಜೊತೆಗೆ ಹಿಡಿದಿಡುತ್ತದೆ; ಚಕ್ಕುಲಿ, ನಿಪ್ಪಟ್ಟು, ಹಪ್ಪಳ, ಉಪ್ಪಿನಕಾಯಿಗಳ ಉಪ್ಪು ಇನ್ನಷ್ಟು ನೀರನ್ನು ಹಿಡಿಯುತ್ತದೆ. ಹಬ್ಬದಲ್ಲಿ ತಟ್ಟನೆ ಏರಿದ ತೂಕದಲ್ಲಿ ಬಹುಪಾಲು ಈ ನೀರು, ಉಪವಾಸದಲ್ಲಿ ತಟ್ಟನೆ ಇಳಿಯುವುದೂ ಇದೇ ನೀರು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು; ಮೂರು ದಿನದಲ್ಲಿ ಎರಡು ಕಿಲೋ ಕೊಬ್ಬು ಯಾರಿಗೂ ಕರಗುವುದಿಲ್ಲ. ನಾಲ್ಕನೆಯ ದಿನ ಹಸಿವು ತಡೆಯದೆ ಉಂಡಾಗ ನೀರು ಮರಳುತ್ತದೆ, ತೂಕ ಮರಳುತ್ತದೆ, ‘ನನ್ನಿಂದಾಗದು’ ಎಂಬ ನಿರಾಸೆ ಮಾತ್ರ ಹೊಸದಾಗಿ ಸೇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್‌ನಂತಹ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು. ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಕಾರ್ತಿಕ ಸೋಮವಾರದ ಉಪವಾಸವನ್ನು ಶ್ರದ್ಧೆಯಿಂದ ಮಾಡುವವರು ಇಲ್ಲಿ ಅನೇಕರಿದ್ದೀರಿ. ಆ ವ್ರತಕ್ಕೆ ನನ್ನ ಗೌರವವಿದೆ. ಅಂದಿನ ಫಲಾಹಾರ ತುಪ್ಪದಲ್ಲಿ ತೊಯ್ದ ಸಾಬಕ್ಕಿ ಖಿಚಡಿಯೂ ಹುರಿದ ಆಲೂಗಡ್ಡೆಯೂ ಆದರೆ ಮಾಮೂಲಿ ಊಟಕ್ಕಿಂತ ಅದೇ ಭಾರವಾದೀತು ಎಂಬುದನ್ನಷ್ಟೇ ಹೇಳುತ್ತೇನೆ.

ಮೆಲ್ಲನೆ ಬದಲಿಸಿಕೊಳ್ಳಬೇಕೆಂಬುದು ಈ ಕಾಲದ ವೈದ್ಯರು ಹೊಸದಾಗಿ ಕಂಡುಕೊಂಡದ್ದೂ ಅಲ್ಲ. ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ಒಂದು ಋತುವಿನ ಕೊನೆಯ ಏಳು ದಿನ ಮತ್ತು ಮುಂದಿನ ಋತುವಿನ ಮೊದಲ ಏಳು ದಿನಗಳನ್ನು ಋತುಸಂಧಿ ಎಂದು ಕರೆದು, ಆ ಹದಿನಾಲ್ಕು ದಿನಗಳಲ್ಲಿ ಹಳೆಯ ಪದ್ಧತಿಯನ್ನು ಕ್ರಮವಾಗಿ ಬಿಡುತ್ತ ಹೊಸದನ್ನು ಕ್ರಮವಾಗಿ ಹಿಡಿಯಬೇಕೆಂದು ಹೇಳಿದೆ. ರೂಢಿಯಾಗಿಬಿಟ್ಟಿರುವ ಅಪಥ್ಯವನ್ನು ಒಮ್ಮೆಗೇ ಬಿಡದೆ, ಕಾಲು ಭಾಗದಷ್ಟು, ಅದೂ ಕಷ್ಟವಾದರೆ ಕಾಲಿನಲ್ಲೂ ಕಾಲು ಭಾಗದಷ್ಟು ಬಿಡುತ್ತ ಬರಬೇಕೆಂಬ ಮಾತೂ ಅದರಲ್ಲೇ ಇದೆ. ನಾನು ಆಯುರ್ವೇದದ ವೈದ್ಯನಲ್ಲ. ಆದರೂ ದಿನಕ್ಕೆ ಆರು ಲೋಟ ಸಕ್ಕರೆ ಹಾಕಿದ ಟೀಗೆ ಬಂದು ನಿಂತವರಿಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೊಡಲಾರೆ. ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕುವವರು ಈ ವಾರ ಒಂದೂವರೆ ಹಾಕಲಿ, ಮುಂದಿನ ವಾರ ಒಂದು. ನಾಲಿಗೆ ತಾನಾಗಿಯೇ ಒಗ್ಗುತ್ತದೆ.

ಈಗ ಅಡುಗೆಮನೆಯ ಆ ಡಬ್ಬಿಯ ವಿಷಯಕ್ಕೆ ಬರೋಣ. ಹಬ್ಬದ ದಿನ ಎರಡು ಕರ್ಜಿಕಾಯಿ ತಿಂದದ್ದರಿಂದ ಆಗುವ ತೊಂದರೆಗಿಂತ, ಡಬ್ಬಿ ಖಾಲಿಯಾಗುವವರೆಗೆ ದಿನಕ್ಕೆ ಎರಡರಂತೆ ಹದಿನೈದು ದಿನ ತಿಂದದ್ದರಿಂದ ಆಗುವ ತೊಂದರೆ ದೊಡ್ಡದು. ಹಿಂದಿನ ಒಟ್ಟು ಕುಟುಂಬದಲ್ಲಿ ಇಪ್ಪತ್ತು ಜನರಿಗೆಂದು ಮಾಡುತ್ತಿದ್ದ ಅಳತೆಯನ್ನೇ ಇಂದು ನಾಲ್ಕು ಜನರ ಮನೆಯಲ್ಲೂ ಇಟ್ಟುಕೊಂಡಿದ್ದೇವೆ. ಅದರ ಮೇಲೆ ಅಂಗಡಿಯಿಂದ ತಂದ, ಉಡುಗೊರೆಯಾಗಿ ಬಂದ ಪೆಟ್ಟಿಗೆಗಳು. ಹಿಂದೆ ಮಾಡಿದ್ದನ್ನು ಬೀರುತ್ತಿದ್ದರು. ಕೇರಿಯ ಮನೆಮನೆಗೂ, ಹೊಲದಲ್ಲಿ ದುಡಿಯುವವರ ಮನೆಗೂ ಹೋಗುತ್ತಿತ್ತು. ಆ ಪದ್ಧತಿಯನ್ನು ಉಳಿಸಿಕೊಂಡರೆ ಸಾಕು, ಅದಕ್ಕಿಂತ ಹೆಚ್ಚಿನ ಪಥ್ಯವನ್ನು ನಾನು ಕೇಳುವುದಿಲ್ಲ. ಹಬ್ಬ ಮುಗಿದ ಮೂರನೆಯ ದಿನದೊಳಗೆ ಹಂಚಿಬಿಡಿ. ಉಳಿಯುವ ಸ್ವಲ್ಪವನ್ನು ಕೈಗೆ ಸುಲಭವಾಗಿ ಸಿಗದ ಕಪಾಟಿನಲ್ಲಿಡಿ. ಊಟದ ಮೇಜಿನ ಮೇಲೆ ಶೇಂಗಾ, ಪೇರಲೆ, ಬಾಳೆಹಣ್ಣು ಇರಲಿ. ಕರಿದು ಉಳಿದ ಎಣ್ಣೆಯೂ ಹೀಗೆಯೇ. ಅದನ್ನು ವಾರಗಟ್ಟಲೆ ಒಗ್ಗರಣೆಗೆ, ಮತ್ತೆ ಕರಿಯಲಿಕ್ಕೆ ಬಳಸುವ ಮನೆಗಳಿವೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ರಕ್ತನಾಳಕ್ಕೆ ಕೆಡುಕು ಮಾಡುವ ಪದಾರ್ಥಗಳು ಹುಟ್ಟುತ್ತವೆ, ಉಳಿತಾಯದ ಹೆಸರಿನಲ್ಲಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ ಎಣ್ಣೆ ತುಪ್ಪ ಸೇರಿ ಸುಮಾರು 27 ಗ್ರಾಂ ಇರಲಿ ಎಂದಿದೆ. ನಾಲ್ವರ ಮನೆಗೆ ತಿಂಗಳಿಗೆ ಅದು ಮೂರೂವರೆ ಲೀಟರಿನ ಆಸುಪಾಸು. ನಿಮ್ಮ ಮನೆಯ ಕಿರಾಣಿ ಚೀಟಿಯನ್ನು ಒಮ್ಮೆ ತೆಗೆದು ನೋಡಿ.

ಹಾಗಾದರೆ ಏನು ಉಣ್ಣಬೇಕು? ದಾವಣಗೆರೆಯವರಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಸಂತೋಷದ ಕೆಲಸ, ಏಕೆಂದರೆ ಜೋಳದ ಸೀಮೆಯೂ ರಾಗಿಯ ಸೀಮೆಯೂ ಕೂಡುವ ಊರು ಇದು. ಒಂದು ರೊಟ್ಟಿಗೆ ಕೈತುಂಬ ಪಲ್ಯ, ಹೆಸರುಕಾಳೋ ಮಡಿಕೆಕಾಳೋ, ಮೇಲಿಷ್ಟು ಗುರೆಳ್ಳು ಚಟ್ನಿ, ಹಸಿ ಸೌತೆಕಾಯಿ, ಮೆಂತ್ಯದ ಸೊಪ್ಪು, ಒಂದು ಲೋಟ ಮಜ್ಜಿಗೆ. ಅಥವಾ ಒಂದು ಮುದ್ದೆಗೆ ಹುರುಳಿಕಾಳಿನ ಸಾರು, ಬಸ್ಸಾರು, ಸೊಪ್ಪಿನ ಪಲ್ಯ. ಇದಕ್ಕಿಂತ ಉತ್ತಮವಾದ ಊಟವನ್ನು ಯಾವ ದೇಶದ ಪಥ್ಯದ ಪಟ್ಟಿಯಿಂದಲೂ ನಾನು ತಂದುಕೊಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಕಾಳುಗಳಲ್ಲಿ ಸ್ನಾಯುವಿಗೆ ಬೇಕಾದ ಪ್ರೋಟೀನು ಮತ್ತು ಹೊಟ್ಟೆ ತುಂಬಿಸುವ ನಾರು ಎರಡೂ ಇವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಿರಿಧಾನ್ಯ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ, ನಾಲ್ಕು ರೊಟ್ಟಿ ಉಂಡರೆ ಸಕ್ಕರೆ ಏರುವುದು ತಪ್ಪುವುದಿಲ್ಲ, ಏಕೆಂದರೆ ಅವುಗಳಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಬದಲಾಗಬೇಕಾದದ್ದು ತಟ್ಟೆಯ ಪಾಲು. ಆ ಮಾರ್ಗಸೂಚಿಯಲ್ಲೇ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು ಇರಲಿ ಎಂದಿದೆ. ನಮ್ಮಲ್ಲಿ ಹೆಚ್ಚಿನವರು ಉಪ್ಪಿನಕಾಯಿಯಷ್ಟು ಪಲ್ಯ ಹಾಕಿಸಿಕೊಂಡು ಅನ್ನವನ್ನು ಗುಡ್ಡೆ ಮಾಡಿಕೊಳ್ಳುತ್ತೇವೆ. ಪಲ್ಯ ಮತ್ತು ಕೋಸಂಬರಿಗೆ ಅರ್ಧ ತಟ್ಟೆ, ಕಾಳು ಬೇಳೆಗೆ ಕಾಲು, ಅನ್ನ ಮುದ್ದೆ ರೊಟ್ಟಿಗೆ ಕಾಲು. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ನಮ್ಮ ಊರಿನ ಹೆಮ್ಮೆ, ಅದನ್ನು ಬಿಡಿ ಎಂದು ಹೇಳಿದರೆ ನೀವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಮಂಡಕ್ಕಿಯೂ ಅಕ್ಕಿಯದೇ ಆದ್ದರಿಂದ ಬೇಗ ಸಕ್ಕರೆಯಾಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಇರಲಿ. ಉಳಿದ ಸಂಜೆಗಳಿಗೆ ಈ ಕಾರ್ತಿಕದಲ್ಲಿ ಹಸಿ ಶೇಂಗಾ ಬೇಯಿಸಿ ತಿನ್ನುವುದು ಒಳ್ಳೆಯದು. ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದೂ ಈ ತಿಂಗಳ ಕೊನೆಯ ಸೋಮವಾರವೇ. ಮುಂದೆ ಚಳಿ ಬಂದಂತೆ ಅವರೆಕಾಯಿ, ಹಸಿ ಕಡಲೆ ಬರುತ್ತವೆ.

ನಡಿಗೆಯ ವಿಷಯದಲ್ಲಿ ಕುಂದವಾಡ ಕೆರೆಯ ಏರಿಯನ್ನು ಬಲ್ಲ ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮೂರು ತಿಂಗಳು ಬಿಟ್ಟವರು ಮೊದಲ ದಿನವೇ ಹಳೆಯ ವೇಗಕ್ಕೆ ಹೋಗಬಾರದು. ಎರಡು ಮೂರು ವಾರ ಬಿಟ್ಟರೂ ಹೃದಯ ಮತ್ತು ಶ್ವಾಸಕೋಶದ ಕಸುವು ಸ್ವಲ್ಪ ಇಳಿದಿರುತ್ತದೆ. ಹಿಂದೆ ನಡೆಯುತ್ತಿದ್ದುದರ ಅರ್ಧದಿಂದ ಆರಂಭಿಸಿ ಮೂರು ನಾಲ್ಕು ವಾರದಲ್ಲಿ ಪೂರ್ಣಕ್ಕೆ ಬನ್ನಿ. ಹೃದಯದ ತೊಂದರೆ ಇರುವ ಹಿರಿಯರು ಚಳಿಗಾಲದಲ್ಲಿ ಬಿಸಿಲು ಮೂಡಿದ ಮೇಲೆ ಹೊರಡುವುದು ಕ್ಷೇಮ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಆ ಲೆಕ್ಕವನ್ನು ಒಮ್ಮೆಗೇ ಮುಗಿಸಬೇಕಾಗಿಲ್ಲ. ವಯಸ್ಸಾದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಪ್ರತಿ ಊಟದ ನಂತರ ಹದಿನೈದು ನಿಮಿಷ ನಡೆದವರಿಗೆ, ಅದರಲ್ಲೂ ರಾತ್ರಿಯ ಊಟದ ನಂತರ, ಸಕ್ಕರೆ ಚೆನ್ನಾಗಿ ಹಿಡಿತಕ್ಕೆ ಬಂದಿತ್ತು. ಎಂಟಕ್ಕೆ ಉಂಡು ಎಂಟೂವರೆಗೆ ಗಂಡ ಹೆಂಡತಿ ಇಬ್ಬರೂ ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಸಾಕು.

ಎಷ್ಟು ದಿನ ಮಾಡಿದರೆ ಇದು ರೂಢಿಯಾಗುತ್ತದೆ ಎಂದು ಕೇಳುತ್ತಾರೆ. ‘ಇಪ್ಪತ್ತೊಂದು ದಿನ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದ ಕಾಲ ಮಧ್ಯಮ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18 ದಿನವೇ ಸಾಕೆಂದೂ ಕೆಲವರಿಗೆ 254 ದಿನ ಬೇಕಾದೀತೆಂದೂ ಆ ಲೆಕ್ಕ ತೋರಿಸಿತು. ನನಗೆ ಅದರಲ್ಲಿ ಹೆಚ್ಚು ಪ್ರಿಯವಾದದ್ದು ಬೇರೆಯೇ ಸಂಗತಿ: ನಡುವೆ ಒಂದು ದಿನ ತಪ್ಪಿದವರಿಗೆ ಅದರಿಂದ ಹೇಳಿಕೊಳ್ಳುವಂತಹ ನಷ್ಟವೇನೂ ಆಗಿರಲಿಲ್ಲ. ಉತ್ಥಾನ ದ್ವಾದಶಿಯ ತುಳಸಿ ಪೂಜೆ ಮುಗಿದರೆ ಮದುವೆಯ ಮುಹೂರ್ತಗಳು ಆರಂಭವಾಗುತ್ತವೆ. ಗೃಹಪ್ರವೇಶಗಳು, ವರ್ಷಾಂತ್ಯದ ಕೂಟಗಳು, ಸಂಕ್ರಾಂತಿಯ ಎಳ್ಳುಬೆಲ್ಲ, ಆಮೇಲೆ ಜಾತ್ರೆಗಳು. ಹಬ್ಬವೆಲ್ಲ ಮುಗಿದ ಮೇಲೆ ನೋಡೋಣ ಎನ್ನುವವರಿಗೆ ಆ ‘ಮೇಲೆ’ ಬರುವುದೇ ಇಲ್ಲ. ಮದುವೆಗೆ ಹೋಗಿ, ಇಷ್ಟವಾದದ್ದನ್ನು ಉಂಡು ಬನ್ನಿ. ಅಂದು ರಾತ್ರಿ ಮಜ್ಜಿಗೆಯೋ ತಿಳಿಸಾರೋ ಕುಡಿದು ಎಂದಿನ ಹೊತ್ತಿಗೆ ಮಲಗಿ, ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಏರಿಯ ಮೇಲಿರಿ.

ಇಷ್ಟು ಹೇಳಿದ ಮೇಲೆ ಹಬ್ಬವನ್ನು ಮಾಡಿದವರ ಬಗ್ಗೆ ಮಾತನಾಡದಿದ್ದರೆ ಅನ್ಯಾಯವಾಗುತ್ತದೆ. ಈ ಮೂರು ತಿಂಗಳಲ್ಲಿ ಮನೆ ಸಾರಿಸಿ ತೊಳೆದವರು, ನಸುಕಿಗೆ ಎದ್ದು ಹೂರಣ ರುಬ್ಬಿದವರು, ಎಲ್ಲರಿಗೂ ಬಡಿಸಿ ನಾಲ್ಕು ಗಂಟೆಗೆ ಉಳಿದದ್ದನ್ನು ಉಂಡವರು ಮನೆಯ ಹೆಂಗಸರು. ಹಾಳಾಗಬಾರದೆಂದು ಮಾರನೆಯ ದಿನದ ಮಿಕ್ಕ ಅನ್ನವೂ ಸಿಹಿಯೂ ಸೇರುವುದು ಅವರ ಹೊಟ್ಟೆಯನ್ನೇ. ದೀಪಾವಳಿ ಮುಗಿದ ವಾರ ನನ್ನ ಬಳಿ ಬರುವ ತಾಯಂದಿರಲ್ಲಿ ಬಹಳ ಮಂದಿ ಹೇಳುವುದು ಸೊಂಟ ನೋವು, ಮಂಡಿ ನೋವು, ತಲೆಸುತ್ತು. ಬಿಪಿ ನೋಡಿದರೆ ಏರಿರುತ್ತದೆ, ಕೇಳಿದರೆ ಕೆಲಸದ ಗಡಿಬಿಡಿಯಲ್ಲಿ ಮಾತ್ರೆ ಮರೆತಿರುತ್ತಾರೆ. ಇವರಿಗೆ ‘ನಾಳೆಯಿಂದ ಒಂದು ಗಂಟೆ ನಡೆಯಮ್ಮ’ ಎಂದು ಹೇಳುವುದು ಅವರ ಹೆಗಲಿಗೆ ಇನ್ನೊಂದು ಕೆಲಸವನ್ನು ಹೊರಿಸಿದಂತೆ. ಅವರಿಗೆ ಮೊದಲು ಬೇಕಾದದ್ದು ಒಂದು ವಾರದ ಪೂರ್ಣ ನಿದ್ದೆ, ಎಲ್ಲರ ಜೊತೆಗೆ ಕುಳಿತು ಬಿಸಿಯಾಗಿ ಉಣ್ಣುವ ಊಟ, ತಪ್ಪಿದ ಮಾತ್ರೆಗಳನ್ನು ಮತ್ತೆ ಹೊತ್ತಿಗೆ ಸರಿಯಾಗಿ ನುಂಗುವುದು. ಮನೆಯ ಉಳಿದವರು ಆ ವಾರವನ್ನು ಅವರಿಗೆ ಬಿಟ್ಟುಕೊಡಬೇಕು. ಈ ಮಾತನ್ನು ನಾನು ಸಭೆಯಲ್ಲಿರುವ ಗಂಡಸರಿಗೆ, ಮಕ್ಕಳಿಗೆ ಕೈಮುಗಿದು ಹೇಳುತ್ತಿದ್ದೇನೆ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಹಿರಿಯರೊಬ್ಬರು, ‘ನಾವು ಸಿಹಿಯನ್ನೆಲ್ಲ ಬೆಲ್ಲದಲ್ಲೇ ಮಾಡುತ್ತೇವೆ, ಅದರಿಂದ ತೊಂದರೆ ಇಲ್ಲವಲ್ಲ ಡಾಕ್ಟರೇ?’ ಎಂದು ಕೇಳಿದರು. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಹೆಚ್ಚಿರುವುದು ನಿಜ, ರುಚಿಯೂ ಬೇರೆ. ಆದರೆ ಅದರಲ್ಲಿ ಬಹುಪಾಲು ಇರುವುದು ಸಕ್ಕರೆಯಲ್ಲಿ ಇರುವ ಪದಾರ್ಥವೇ. ರಕ್ತಕ್ಕೆ ಸೇರಿದ ಮೇಲೆ ಅದು ಬೆಲ್ಲದಿಂದ ಬಂತೋ ಸಕ್ಕರೆಯಿಂದ ಬಂತೋ ಎಂದು ಮೈ ಭೇದ ಮಾಡುವುದಿಲ್ಲ. ಬೆಲ್ಲದ್ದೆಂಬ ಧೈರ್ಯದಿಂದ ಎರಡರ ಬದಲು ನಾಲ್ಕು ಉಂಡೆ ತಿನ್ನುವವರಿಗೆ ಬೆಲ್ಲವೇ ಹೆಚ್ಚು ಅಪಾಯ ತರುತ್ತದೆ.

ತಾಯಿಯೊಬ್ಬರು ಕೇಳಿದರು: ‘ಯಜಮಾನರಿಗೆ ಶುಗರು, ಅತ್ತೆಗೆ ಬಿಪಿ, ಮಕ್ಕಳಿಗೆ ರುಚಿ ಬೇಕು. ನಾನೊಬ್ಬಳೇ ಮೂರು ಅಡುಗೆ ಹೇಗೆ ಮಾಡಲಿ?’ ಮೂರು ಅಡುಗೆ ಮಾಡಲೇಬೇಡಿ, ತಾಯಿ. ಶುಗರ್ ಇರುವವರಿಗೆ ಸರಿಹೊಂದುವ ಊಟವೇ ಮನೆಯ ಎಲ್ಲರಿಗೂ ಸರಿಯಾದ ಊಟ. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿ ನಿಂಬೆಹಣ್ಣು ಹಿಂಡಿದರೆ ಅತ್ತೆಯವರಿಗೂ ಆಗುತ್ತದೆ. ಬೆಳೆಯುವ ಮಕ್ಕಳಿಗೆ ಅದೇ ಊಟದ ಜೊತೆ ಒಂದು ರೊಟ್ಟಿ ಹೆಚ್ಚು, ಒಂದು ಚಮಚ ತುಪ್ಪ, ಒಂದು ಲೋಟ ಹಾಲು ಕೊಡಿ. ದಿನಕ್ಕೆ ಅಷ್ಟು ಸೊಪ್ಪು ತರಕಾರಿ ಮಾಡಬೇಕೆಂದರೆ ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ ಎಂದು ನನಗೆ ಗೊತ್ತಿದೆ. ರಾತ್ರಿ ಟಿ.ವಿ. ನೋಡುವಾಗ ಮೊರದಲ್ಲಿ ಸೊಪ್ಪು ಹಾಕಿ ಯಜಮಾನರ ಮುಂದಿಡಿ; ಅವರೆಕಾಯಿ ಬಂದಾಗ ಮಕ್ಕಳ ಮುಂದಿಡಿ. ಎರಡು ಕಟ್ಟು ಮೆಂತ್ಯದ ಸೊಪ್ಪು ಬಿಡಿಸಲು ಇಬ್ಬರಿಗೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.